ಹಳಿ ಬಂತು, ಹೊರೆಯೂ ಬಂತು

ಮಲಾಡಿನಲ್ಲಿ ನೆಲೆಸಿದ ನಮ್ಮ ಬಾಳು ರೈಲಿನ ವೇಳೆಗೆ ಕಟ್ಟುಬಿದ್ದದ್ದು. ದುಡಿಮೆಗೆ ಹೋಗುವ ದಾರಿಯೂ ಅದೇ, ಊರಿಗೆ ಮರಳುವ ದಾರಿಯೂ ಅದೇ. ಈ ಹಳಿಗಳನ್ನು ಯಾರು ಹಾಕಿದರು, ಯಾವ ಕರಾರಿನ ಮೇಲೆ ಹಾಕಿದರು, ಬೆಲೆ ತೆತ್ತವರು ಯಾರು ಎಂಬುದನ್ನು ರಾಜ್ಯೋತ್ಸವದ ಸಂದರ್ಭದಲ್ಲಿ ಒಮ್ಮೆ ನೆನೆಯುವುದು ಉಚಿತವೇ ಸರಿ. ಬಲಿಷ್ಠ ರಾಷ್ಟ್ರವೊಂದು ಪರದೇಶದಲ್ಲಿ ಹಣ ಹೂಡಿ ರೈಲು, ಬಂದರು ಕಟ್ಟುವುದು ಹೊಸ ಸಂಗತಿಯಲ್ಲ. ಅದರ ಸಿಹಿ ಕಹಿ ಎರಡನ್ನೂ ನಮ್ಮ ಹಿರಿಯರು ಉಂಡಿದ್ದಾರೆ.

ನಮ್ಮ ಪಶ್ಚಿಮ ಮಾರ್ಗವನ್ನು ಹಾಕಿದ ಬಿ.ಬಿ. ಅಂಡ್ ಸಿ.ಐ. ಕಂಪನಿ ೧೮೫೫ರಲ್ಲಿ ಹುಟ್ಟಿತು. ಅದರ ಆಡಳಿತ ಮಂಡಲಿ ಕುಳಿತದ್ದು ಲಂಡನ್ನಿನಲ್ಲಿ. ಅಂದಿನ ಕರಾರುಗಳಂತೆ ಕಂಪನಿಗಳಿಗೆ ಭೂಮಿ ೯೯ ವರ್ಷಗಳ ಮಟ್ಟಿಗೆ ಪುಕ್ಕಟೆ. ಹೂಡಿದ ಬಂಡವಾಳಕ್ಕೆ ಶೇಕಡ ೫ರ ಬಡ್ಡಿಯ ಖಾತರಿ. ಗಳಿಕೆ ಕಡಿಮೆ ಬಿದ್ದರೆ ಕೊರತೆಯನ್ನು ಭಾರತದ ಬೊಕ್ಕಸವೇ ತುಂಬಿಕೊಡಬೇಕು. ಹೀಗಿರಲು ಮಿತವ್ಯಯದ ಚಿಂತೆ ಯಾರಿಗೆ? ಹಳಿ, ಇಂಜಿನುಗಳೆಲ್ಲ ಇಂಗ್ಲೆಂಡಿನಿಂದಲೇ ಬಂದವು. ಅಲ್ಲಿಯ ಕಾರ್ಖಾನೆಗಳು ಬೆಳೆದವು. ದಾದಾಭಾಯಿ ನವರೋಜಿಯವರಂಥವರು ಈ ಸಂಪತ್ತಿನ ಸೋರಿಕೆಯನ್ನು ಲೆಕ್ಕ ಹಾಕಿ ಲೋಕಕ್ಕೆ ತೋರಿಸಿದರು. ಆದರೂ ೧೮೬೭ರಲ್ಲಿ ವಿರಾರಿನಿಂದ ಬ್ಯಾಕ್‌ಬೇಗೆ ಹೊರಟ ಒಂದು ಗಾಡಿಯಿಂದಲೇ ಈ ಉಪನಗರಗಳ ಭಾಗ್ಯ ತೆರೆಯಿತೆಂಬುದನ್ನು ಅಲ್ಲಗಳೆಯಲಾಗದು.

ಕನ್ನಡ ನಾಡಿನ ಅನುಭವ ಇನ್ನೂ ಬೋಧಪ್ರದವಾದುದು. ೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾದಾಗ ಇಂಗ್ಲೆಂಡಿನ ಗಿರಣಿಗಳಿಗೆ ಧಾರವಾಡದ ಹತ್ತಿ ಬೇಕಾಯಿತು. ಅದನ್ನು ಸಾಗಿಸಲು ಕಾರವಾರದ ಬಂದರು ಬೆಳೆಯಲೆಂದು ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿಯ ಹಿತಕ್ಕಾಗಿ ಜಿಲ್ಲೆಯ ಆಡಳಿತವೇ ಬದಲಾಯಿತು! ಆದರೆ ರೈಲು ಮಾತ್ರ ಕಾರವಾರಕ್ಕೆ ಬರಲಿಲ್ಲ. ೧೮೭೮ರಲ್ಲಿ ಇಂಗ್ಲಿಷರಿಗೂ ಪೋರ್ತುಗೀಜರಿಗೂ ಒಪ್ಪಂದವಾಗಿ, ಇಂಗ್ಲಿಷ್ ಬಂಡವಾಳದ ಕಂಪನಿಯೊಂದು ಪೋರ್ತುಗೀಜ್ ಸರಕಾರದ ಬಡ್ಡಿಯ ಖಾತರಿಯ ಮೇಲೆ ಮುರ್ಮಗೋವಾ ಬಂದರಿನಿಂದ ಘಟ್ಟದ ಕ್ಯಾಸಲ್‌ರಾಕ್‌ವರೆಗೆ ಹಳಿ ಹಾಕಿತು. ಅಲ್ಲಿಂದ ಸದರ್ನ್ ಮರಾಠಾ ರೈಲು ಹುಬ್ಬಳ್ಳಿಗೆ ಜೋಡಿಸಿತು. ಹತ್ತಿ ಕಡಲು ಸೇರಿತು. ಹುಬ್ಬಳ್ಳಿ ದೊಡ್ಡ ರೈಲು ಪಟ್ಟಣವಾಯಿತು. ಆದರೆ ಖಾತರಿಯ ಭಾರ ಪೋರ್ತುಗೀಜ್ ಬೊಕ್ಕಸದ ಮೇಲೆ ಬಿತ್ತು. ಅದೇ ಒಪ್ಪಂದದಿಂದ ಗೋವೆಯ ಉಪ್ಪಿನ ವ್ಯವಹಾರ ಇಂಗ್ಲಿಷರ ಹಿಡಿತಕ್ಕೆ ಸಿಕ್ಕಿ ಉಪ್ಪು ಬೆಳೆಯುವವರ ಅನ್ನಕ್ಕೆ ಕುತ್ತು ಬಂತು. ಕಾರವಾರ ಮೂಲೆಗುಂಪಾಯಿತು.

ಆ ಕಾರವಾರಕ್ಕೆ ರೈಲು ತಂದದ್ದು ಕೊಂಕಣ ರೈಲ್ವೆ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕರ ನಾಯಕರಾದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, ೧೯೯೦ರಲ್ಲಿ, ನಿಗಮ ಸ್ಥಾಪನೆಯಾಯಿತು. ಆರಂಭದಲ್ಲಿ ಕೇಂದ್ರದ ಪಾಲು ಶೇಕಡ ೫೧, ಮಹಾರಾಷ್ಟ್ರದ್ದು ೨೨, ಕರ್ನಾಟಕದ್ದು ೧೫, ಗೋವಾ ಮತ್ತು ಕೇರಳದ್ದು ತಲಾ ೬. ಉಳಿದ ಹಣಕ್ಕೆ ದೇಶದೊಳಗೆ ಸಾಲಪತ್ರ ಮಾರಿದರು. ೧೯೯೮ರ ಜನವರಿಯಲ್ಲಿ ಪೂರ್ಣ ಮಾರ್ಗ ತೆರೆಯಿತು. ಬಡ್ಡಿಯ ಭಾರ ಇಲ್ಲಿಯೂ ಇತ್ತು. ಆದರೆ ಸಾಲ ಕೊಟ್ಟವರೂ ತೀರಿಸುವವರೂ ನಾವೇ ಆದುದರಿಂದ ಕರಾರನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯವೂ ನಮ್ಮಲ್ಲೇ ಉಳಿಯಿತು.

ಪರರ ಹಣ ವಿಷವೆಂದು ಇದರರ್ಥವಲ್ಲ. ಮುಂಬಯಿ-ಅಹಮದಾಬಾದ್ ಬುಲೆಟ್ ರೈಲಿಗೆ ಜಪಾನ್ ೫೦ ವರ್ಷಗಳ ಅವಧಿಗೆ, ಶೇಕಡ ೦.೧ರ ಅಲ್ಪ ಬಡ್ಡಿಗೆ ಸಾಲ ಕೊಡಲೊಪ್ಪಿತು. ಆದರೆ ಸಾಲ ಯೆನ್ ನಾಣ್ಯದಲ್ಲಿ, ರೂಪಾಯಿಯ ಬೆಲೆ ಇಳಿದರೆ ಹೊರೆ ಹೆಚ್ಚುತ್ತದೆ. ಶ್ರೀಲಂಕೆಯ ಹಂಬನ್‌ತೋಟ ಬಂದರು ಚೀನದ ಸಾಲದಿಂದ ಎದ್ದಿತು. ೨೦೧೭ರಲ್ಲಿ ಚೀನದ ಸಂಸ್ಥೆಯೊಂದಕ್ಕೇ ೯೯ ವರ್ಷಗಳ ಗೇಣಿಗೆ ಹೋಯಿತು. ನಮ್ಮ ಹಳಿಗಳ ಭೂಮಿಗೆ ಬರೆದಿದ್ದ ಅವಧಿಯೂ ೯೯ ವರ್ಷಗಳೇ ಅಲ್ಲವೇ?

ಆದ್ದರಿಂದ ಹಣ ಎಲ್ಲಿಂದ ಬಂತೆಂಬುದೊಂದನ್ನೇ ಕೇಳಿದರೆ ಸಾಲದು. ನಷ್ಟವಾದರೆ ತುಂಬುವವರು ಯಾರು? ಸಾಮಾನು ಎಲ್ಲಿಯದು? ದರ ಗೊತ್ತುಮಾಡುವವರು ಯಾರು? ಒಡೆತನ ನಮ್ಮ ಕೈಗೆ ಬರುವುದು ಎಂದು? ಇವಕ್ಕೆ ಸ್ಪಷ್ಟ ಉತ್ತರ ದೊರೆತ ಮೇಲೆಯೇ ಸಹಿ ಹಾಕತಕ್ಕದ್ದು. ೧೯೫೧ರಲ್ಲಿ ನಮ್ಮ ಹಳಿ ಪಶ್ಚಿಮ ರೈಲ್ವೆಯೆಂಬ ಹೆಸರು ಪಡೆದು ನಮ್ಮದಾಗಿ ನಿಂತಿತು. ಅಷ್ಟರಲ್ಲಿ ಅದರ ಬೆಲೆಯನ್ನು ಎರಡು ಮೂರು ತಲೆಮಾರು ತೆತ್ತಾಗಿತ್ತು.