ಡೆಮೊ ರೀಲ್ ಹುಟ್ಟುವ ಮೊದಲು: ಬಾಖ್‌ನಿಂದ ಇಳಯರಾಜರವರೆಗೆ

ನಮ್ಮ ತಾಳವಾಡಿ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ ಹೋದ ಮಕ್ಕಳಲ್ಲಿ ಕೆಲವರು ಈಗ ಕೀಬೋರ್ಡು, ಕಂಪ್ಯೂಟರು ಇಟ್ಟುಕೊಂಡು ಹಾಡುಗಳಿಗೆ ರಾಗ ಹಾಕುತ್ತಿದ್ದಾರೆ. ಕಿರುಚಿತ್ರಕ್ಕೋ ಧಾರಾವಾಹಿಗೋ ಸಂಗೀತ ಕೊಡುವ ಆಸೆ ಅವರಿಗೆ. ಯಾರನ್ನು ಕೇಳಿದರೂ "ಮೊದಲು ಡೆಮೊ ರೀಲ್ ಕಳಿಸಿ" ಎನ್ನುತ್ತಾರಂತೆ. ಅದರಲ್ಲಿ ಏನು ಹಾಕಬೇಕು ಸಾರ್ ಎಂದು ನಮ್ಮನ್ನೇ ಕೇಳುತ್ತಾರೆ. ಶಾಲೆಯ ಪ್ರಾರ್ಥನೆಗೆ ಹಾರ್ಮೋನಿಯಂ ಹಿಡಿಯುವುದರಾಚೆಗೆ ನಮಗೆ ಸಂಗೀತ ಅಷ್ಟಾಗಿ ಗೊತ್ತಿಲ್ಲ. ನಾವು ಪಾಠ ಮಾಡುವುದು ಇತಿಹಾಸ. ಆದ್ದರಿಂದ ಉತ್ತರವನ್ನೂ ಅಲ್ಲೇ ಹುಡುಕಿದ್ದೇವೆ.

ಡೆಮೊ ರೀಲ್ ಎಂದರೆ ಸಂಗೀತ ಸಂಯೋಜಕ ತಾನು ಮಾಡಿದ್ದರಲ್ಲಿ ಕೆಲವು ತುಣುಕುಗಳನ್ನು ಆರಿಸಿ, ಎರಡು ಮೂರು ನಿಮಿಷಕ್ಕೆ ಜೋಡಿಸಿ, ಕೆಲಸ ಕೊಡುವವರಿಗೆ ಕೇಳಿಸುವ ಮಾದರಿ. ಹಿಂದೆ ಇದು ಟೇಪಿನ ಸುರುಳಿಯಲ್ಲಿ ಹೋಗುತ್ತಿತ್ತು, ರೀಲ್ ಎಂಬ ಹೆಸರು ಅಲ್ಲಿಂದ ಉಳಿದದ್ದು. ಆಮೇಲೆ ಕ್ಯಾಸೆಟ್, ಸಿ.ಡಿ. ಬಂದವು, ಈಗ ಮೊಬೈಲಿನಲ್ಲಿ ಒಂದು ಲಿಂಕ್ ಕಳಿಸಿದರೆ ಆಯಿತು. ಆದರೆ ಧ್ವನಿಮುದ್ರಣವೇ ಇಲ್ಲದ ಕಾಲದಲ್ಲೂ ಸಂಗೀತಗಾರರು ಕೆಲಸ ಕೇಳಬೇಕಿತ್ತಲ್ಲವೇ? ಆಗ ಏನು ಮಾಡುತ್ತಿದ್ದರು?

ಇದಕ್ಕೆ ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್‌ಗಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ. ಇಂದು ಜಗತ್ತೇ ದೊಡ್ಡವನೆಂದು ಒಪ್ಪಿರುವ ಈ ಮನುಷ್ಯ ಜೀವನದುದ್ದಕ್ಕೂ ಅರ್ಜಿ ಹಾಕಿದವನು. 1717ರಿಂದ ಕ್ಯೋಥೆನ್ ಎಂಬ ಸಣ್ಣ ಸಂಸ್ಥಾನದಲ್ಲಿ ರಾಜಕುಮಾರ ಲಿಯೊಪೋಲ್ಡನ ಆಸ್ಥಾನ ಸಂಗೀತದ ಮುಖ್ಯಸ್ಥನಾಗಿದ್ದ. 1720ರ ಬೇಸಿಗೆಯಲ್ಲಿ ಹೆಂಡತಿ ತೀರಿಕೊಂಡಳು, ಮನೆಯಲ್ಲಿ ಮಕ್ಕಳು. ಆ ವರ್ಷದ ಕೊನೆಗೆ ಹ್ಯಾಂಬರ್ಗ್ ನಗರದ ಒಂದು ಚರ್ಚಿನಲ್ಲಿ ಆರ್ಗನ್ ನುಡಿಸುವವರ ಹುದ್ದೆ ಖಾಲಿಯಿದೆ ಎಂದು ತಿಳಿದು ಅಲ್ಲಿಗೆ ಹೋದ.

ಅಲ್ಲಿ ರೈಂಕೆನ್ ಎಂಬ ಬಹಳ ವಯಸ್ಸಾದ ಹೆಸರಾಂತ ಆರ್ಗನ್ ವಾದಕನಿದ್ದ. ಅವನೂ ನಗರದ ಗಣ್ಯರೂ ಕೇಳುವಂತೆ ಬಾಖ್ ಎರಡು ತಾಸಿಗೂ ಹೆಚ್ಚು ನುಡಿಸಿದ. ಅದರಲ್ಲಿ ಒಂದು ಭಕ್ತಿಗೀತೆಯ ಧಾಟಿಯನ್ನು ಹಿಡಿದು ಸುಮಾರು ಅರ್ಧ ತಾಸು, ನಮ್ಮವರು ರಾಗ ವಿಸ್ತಾರ ಮಾಡುವ ಹಾಗೆ, ಸ್ಥಳದಲ್ಲೇ ಬೆಳೆಸುತ್ತಾ ಹೋದ. ರೈಂಕೆನ್ ತನ್ನ ಯೌವನದಲ್ಲಿ ಹೆಸರು ಮಾಡಿದ್ದು ಅದೇ ಧಾಟಿಯ ಮೇಲಿನ ಕೃತಿಯಿಂದ! ಈ ಕಲೆ ಸತ್ತಿತು ಎಂದುಕೊಂಡಿದ್ದೆ, ನಿನ್ನಲ್ಲಿ ಬದುಕಿದೆ ಎಂಬ ಅರ್ಥದಲ್ಲಿ ಮುದುಕ ಮೆಚ್ಚಿ ಮಾತಾಡಿದನೆಂದು ದಾಖಲಾಗಿದೆ. ಎದುರಿಗೆ ಕುಳಿತವನ ಕಿವಿ ಯಾವ ಸ್ವರಕ್ಕೆ ಒಲಿದಿದೆ ಎಂದು ನೋಡಿ ನುಡಿಸುವುದು ಹೀಗೆ.

ಆದರೆ ಕೆಲಸ ಸಿಗಲಿಲ್ಲ. ಆ ಹುದ್ದೆ ಚರ್ಚಿಗೆ 4,000 ಮಾರ್ಕ್ ಕೊಟ್ಟ ಇನ್ನೊಬ್ಬನಿಗೆ ಹೋಯಿತು. 'ಡೊನೇಷನ್' ಎಂಬುದು ನಮ್ಮ ಕಾಲದ ಕಾಯಿಲೆ ಎಂದುಕೊಂಡವರು ಇದನ್ನು ಗಮನಿಸಬೇಕು. ಮಕ್ಕಳಿಗೂ ಇದನ್ನು ಮುಚ್ಚಿಡಬಾರದು ಎಂಬುದು ನಮ್ಮ ಅಭಿಪ್ರಾಯ. ಮಾದರಿ ಎಷ್ಟೇ ಚೆನ್ನಾಗಿದ್ದರೂ ಬಾಗಿಲು ತೆರೆಯದ ಸಂದರ್ಭ ಇದ್ದೇ ಇರುತ್ತದೆ, ಅದಕ್ಕೆ ಸಂಗೀತ ಕಾರಣವಲ್ಲ.

ಮರುವರ್ಷ, 1721ರ ಮಾರ್ಚ್ 24ರಂದು, ಬಾಖ್ ಇನ್ನೊಂದು ಪ್ರಯತ್ನ ಮಾಡಿದ. ಬ್ರಾಂಡೆನ್‌ಬರ್ಗ್‌ನ ಕ್ರಿಸ್ಟಿಯನ್ ಲುಡ್ವಿಗ್ ಎಂಬ ರಾಜವಂಶದವನು ಎರಡು ವರ್ಷದ ಹಿಂದೆ ಇವನ ವಾದನ ಕೇಳಿ, ನಿನ್ನ ಕೃತಿಗಳನ್ನು ಕಳಿಸು ಎಂದಿದ್ದನಂತೆ. ಬಾಖ್ ತನ್ನ ಬಳಿ ಇದ್ದ ರಚನೆಗಳಿಂದ ಆರನ್ನು ಆರಿಸಿ, ತಿದ್ದಿ, ತಾನೇ ಅಂದವಾಗಿ ಪ್ರತಿ ಮಾಡಿ, ಫ್ರೆಂಚ್ ಭಾಷೆಯಲ್ಲಿ ಬಹಳ ವಿನಯದ ಅರ್ಪಣೆ ಪತ್ರವೊಂದನ್ನು ಮುಂದಿಟ್ಟು ಕಳಿಸಿದ. ಆಗಿನ ಜರ್ಮನ್ ಆಸ್ಥಾನಗಳಲ್ಲಿ ಮರ್ಯಾದೆಯ ಭಾಷೆ ಫ್ರೆಂಚ್.

ಆ ಆರರ ಆಯ್ಕೆಯನ್ನು ನಮ್ಮ ಹುಡುಗರು ಗಮನಿಸಬೇಕು. ಒಂದರಲ್ಲಿ ಇದ್ದ ವಾದ್ಯಗಳ ಗುಂಪು ಇನ್ನೊಂದರಲ್ಲಿ ಇಲ್ಲ. ಮೊದಲನೆಯದರಲ್ಲಿ ಬೇಟೆಗೆ ಊದುವ ಕೊಂಬಿನ ಜಾತಿಯ ಎರಡು ಹಾರ್ನ್‌ಗಳು ಮತ್ತು ಮೂರು ಓಬೋ. ಎರಡನೆಯದರಲ್ಲಿ ಟ್ರಂಪೆಟ್, ಕೊಳಲಿನ ಜಾತಿಯ ರೆಕಾರ್ಡರ್, ಓಬೋ, ಪಿಟೀಲು ನಾಲ್ಕೂ ಒಂದರ ಹಿಂದೆ ಒಂದು ಓಡುತ್ತವೆ. ಮೂರನೆಯದು ತಂತಿವಾದ್ಯಗಳಿಗೇ ಮೀಸಲು. ಐದನೆಯದರಲ್ಲಿ ಹಾರ್ಪ್ಸಿಕಾರ್ಡ್ ಎಂಬ ತಂತಿ ಮೀಟುವ ಕೀಲಿಮಣೆ ವಾದ್ಯ ಇದ್ದಕ್ಕಿದ್ದಂತೆ ಉಳಿದವರನ್ನೆಲ್ಲ ಸುಮ್ಮನಾಗಿಸಿ ತಾನೊಬ್ಬನೇ ಮಾತಾಡತೊಡಗುತ್ತದೆ. ಆರನೆಯದರಲ್ಲಿ ಪಿಟೀಲೇ ಇಲ್ಲ, ಅದಕ್ಕಿಂತ ತಗ್ಗು ದನಿಯ ವಾದ್ಯಗಳೇ ಎಲ್ಲ. ಒಂದೇ ಮನುಷ್ಯ ಇಷ್ಟು ಬಗೆಯಲ್ಲಿ ಯೋಚಿಸಬಲ್ಲ ಎಂಬುದು ಈ ಆರರಿಂದಲೇ ತಿಳಿಯುತ್ತದೆ. ಅರವತ್ತು ಕಳಿಸಬೇಕಾಗಿಲ್ಲ.

ಫಲ? ಉತ್ತರ ಬಂದ ದಾಖಲೆಯಿಲ್ಲ. ಆ ದೊರೆಯ ಬಳಿ ಇವನ್ನು ನುಡಿಸುವಷ್ಟು ವಾದ್ಯಗಾರರೇ ಇರಲಿಲ್ಲವೇನೋ ಎಂದು ಅನೇಕ ಇತಿಹಾಸಕಾರರು ಊಹಿಸುತ್ತಾರೆ. ಹಸ್ತಪ್ರತಿ ಗ್ರಂಥಾಲಯದಲ್ಲಿ ಮಲಗಿದ್ದು 1849ರಲ್ಲಿ ಬೆಳಕಿಗೆ ಬಂತು. 'ಬ್ರಾಂಡೆನ್‌ಬರ್ಗ್ ಕನ್ಸರ್ಟೊ' ಎಂಬ ಹೆಸರನ್ನೂ ಬಾಖ್ ಇಟ್ಟದ್ದಲ್ಲ, ಅವನ ಜೀವನಚರಿತ್ರೆ ಬರೆದ ಸ್ಪಿಟ್ಟಾ 1873ರಲ್ಲಿ ಇಟ್ಟದ್ದು.

1723ರಲ್ಲಿ ಬಾಖ್‌ಗೆ ಲೈಪ್‌ಜಿಗ್ ನಗರದಲ್ಲಿ ಕೆಲಸ ಸಿಕ್ಕಿತು. ಅಲ್ಲೂ ಅವನು ಮೊದಲ ಆಯ್ಕೆಯಲ್ಲ. ಟೆಲೆಮಾನ್ ಬೇಡ ಎಂದ, ಗ್ರೌಪ್ನರ್‌ನನ್ನು ಅವನ ದೊರೆ ಬಿಡಲಿಲ್ಲ, ಆಮೇಲೆ ಇವನು. ಶಾಲೆಯ ಮಕ್ಕಳಿಗೆ ಹಾಡು ಕಲಿಸುವುದೂ ಆ ಹುದ್ದೆಗೆ ಸೇರಿತ್ತು. ಹಾಗಾಗಿ ನಮ್ಮ ವೃತ್ತಿಬಂಧು ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ! ಊರಿನ ಆಡಳಿತದವರ ಜೊತೆ ಜಗಳವೂ ಇದ್ದೇ ಇತ್ತು. ಅದಕ್ಕೇ 1733ರ ಜುಲೈ 27ರಂದು ಡ್ರೆಸ್ಡೆನ್‌ನ ಹೊಸ ದೊರೆಗೆ ಒಂದು ಅರ್ಜಿ ಬರೆದು, ತನಗೆ ಆಸ್ಥಾನದ ಬಿರುದು ಕೊಡಬೇಕೆಂದು ಕೇಳಿದ. ಇಲ್ಲಿಂದ ಕೊಡುವ ಹಣದಲ್ಲಿ ಕಡಿತವಾಗಿದೆ, ಅವಮಾನವೂ ಆಗಿದೆ ಎಂಬ ದೂರೂ ಅರ್ಜಿಯಲ್ಲಿತ್ತು.

ಈ ಸಲದ ಮಾದರಿ ಬೇರೆ ರೀತಿಯದು. ಡ್ರೆಸ್ಡೆನ್‌ನ ದೊರೆ ಕ್ಯಾಥೊಲಿಕ್, ಬಾಖ್ ಲೂಥರನ್. ಎರಡೂ ಪಂಥದ ಪೂಜೆಯಲ್ಲಿ ಬಳಕೆಯಿದ್ದ ಎರಡು ಭಾಗಗಳನ್ನೇ ಅವನು ಸಂಗೀತಕ್ಕೆ ಅಳವಡಿಸಿದ. ಯುರೋಪಿನಲ್ಲೇ ಹೆಸರಾಗಿದ್ದ ಡ್ರೆಸ್ಡೆನ್ ವಾದ್ಯವೃಂದಕ್ಕೆ ತಕ್ಕಷ್ಟು ಸವಾಲು ಅದರಲ್ಲಿತ್ತು. ಮತ್ತೊಂದು ವ್ಯತ್ಯಾಸ: ಬ್ರಾಂಡೆನ್‌ಬರ್ಗ್‌ಗೆ ಕಳಿಸಿದ್ದು ನೋಡಲು ಚಂದದ ಒಂದು ಪುಸ್ತಕ, ಇಲ್ಲಿಗೆ ಕೊಟ್ಟದ್ದು ಒಬ್ಬೊಬ್ಬ ವಾದಕ, ಗಾಯಕನಿಗೂ ಬೇರೆ ಬೇರೆಯಾಗಿ ಬರೆದ 21 ಪ್ರತಿಗಳು. ಹಂಚಿದರೆ ಸಾಕು, ಕೂಡಲೇ ನುಡಿಸಬಹುದು. ಕೇಳುವವನಿಗೆ ತ್ರಾಸ ಕೊಡದ ಮಾದರಿ. ಆದರೂ ಬಿರುದು ಬಂದದ್ದು ಮೂರು ವರ್ಷದ ಮೇಲೆ, 1736ರ ನವೆಂಬರಿನಲ್ಲಿ.

ಈಗ ನಮ್ಮ ಕಡೆಗೇ ಬರೋಣ. ಮದುರೆಯ ಆಚೆಗಿನ ಪಣ್ಣೈಪುರದಲ್ಲಿ ಹುಟ್ಟಿದ ಇಳಯರಾಜ ಅಣ್ಣ ಪಾವಲರ್ ವರದರಾಜನ್ ಅವರ ತಂಡದಲ್ಲಿ ಊರೂರು ತಿರುಗಿ ಹಾಡಿ, 1968ರಲ್ಲಿ ಮದರಾಸಿಗೆ ಬಂದವರು. ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತರು, ಗಿಟಾರ್ ನುಡಿಸಿದರು, ಆಮೇಲೆ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾದರು. ಕಸ್ತೂರಿ ನಿವಾಸ, ಬಂಗಾರದ ಮನುಷ್ಯ ಚಿತ್ರಗಳ ಸಂಗೀತ ನಿರ್ದೇಶಕರಾದ ಅದೇ ಜಿ.ಕೆ. ವೆಂಕಟೇಶ್. ನಮ್ಮ ಗಾಜನೂರಿನ ಅಣ್ಣಾವ್ರ ಚಿತ್ರಗಳೆಂದರೆ ಇಲ್ಲಿಯ ಮಕ್ಕಳಿಗೆ ಹೆಚ್ಚು ಹೇಳಬೇಕಾಗಿಲ್ಲ.

ಸಹಾಯಕನ ಕಷ್ಟ ಏನೆಂದರೆ, ಕೆಲಸ ಎಷ್ಟು ಮಾಡಿದರೂ ಪರದೆಯ ಮೇಲೆ ಬರುವುದು ಗುರುಗಳ ಹೆಸರು. ಅದನ್ನು ತನ್ನ ಮಾದರಿ ಎಂದು ತೋರಿಸುವಂತಿಲ್ಲ. ಸ್ವಂತ ರಚನೆ ಕಾಗದದ ಮೇಲೇ ಇದೆ, ವಾದ್ಯಗಾರರಿಗೆ ಕೊಡಲು ದುಡ್ಡಿಲ್ಲ. ಆಗ ಇಳಯರಾಜ ಧ್ವನಿಮುದ್ರಣದ ನಡುವೆ ವಾದ್ಯಗಾರರಿಗೆ ಬಿಡುವು ಸಿಕ್ಕಾಗ, ತಮ್ಮ ಸ್ವರಗಳ ಹಾಳೆ ಕೊಟ್ಟು ಸ್ವಲ್ಪ ನುಡಿಸಿ ತೋರಿಸಿ ಎಂದು ಒಪ್ಪಿಸುತ್ತಿದ್ದರು. ನಮಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು. ಬೇರೆಯವರಿಗೆ ಕೇಳಿಸುವ ಮೊದಲು ತಾನು ಬರೆದದ್ದು ನಿಜವಾಗಿ ಹೇಗೆ ಕೇಳುತ್ತದೆ ಎಂದು ತಾನೇ ತಿಳಿದುಕೊಳ್ಳುವ ದಾರಿ ಅದು.

ನಿರ್ಮಾಪಕ ಪಂಚು ಅರುಣಾಚಲಂ ಅವರ ಎದುರು ಅವಕಾಶ ಬಂದಾಗ ಟೇಪೂ ಇಲ್ಲ, ವಾದ್ಯವೃಂದವೂ ಇಲ್ಲ. ಮೇಜಿನ ಮೇಲೆ ಕೈಯಲ್ಲಿ ತಾಳ ಹಾಕಿಕೊಂಡು ಹಳ್ಳಿಯ ಧಾಟಿಯ ಹಾಡುಗಳನ್ನು ಹಾಡಿ ತೋರಿಸಿದರೆಂದು ಹೇಳುತ್ತಾರೆ. ಪಾಶ್ಚಾತ್ಯ ಸಂಗೀತ ಕಲಿತಿದ್ದೇನೆ ಎಂದು ಅಲ್ಲಿ ಪ್ರದರ್ಶನ ಮಾಡಲಿಲ್ಲ ನೋಡಿ. 1976ರಲ್ಲಿ 'ಅನ್ನಕ್ಕಿಳಿ' ಬಂತು. ಐದು ವರ್ಷದಲ್ಲಿ ಅವರದೇ ಸಂಗೀತದಲ್ಲಿ ಅಣ್ಣಾವ್ರ 'ನನ್ನ ನೀನು ಗೆಲ್ಲಲಾರೆ' ಕೂಡ ಬಂತು.

ಎ.ಆರ್. ರೆಹಮಾನ್ ಅವರ ಕಾಲಕ್ಕೆ ಸಲಕರಣೆ ಬದಲಾಗಿತ್ತು. ಜಾಹೀರಾತುಗಳಿಗೆ ಸಂಗೀತ ಮಾಡುತ್ತಿದ್ದ ಅವರಿಗೆ ಅರ್ಧ ನಿಮಿಷದಲ್ಲಿ ಕಿವಿ ಹಿಡಿಯುವುದೇ ದಿನದ ಕೆಲಸ. ಮನೆಯ ಸ್ಟುಡಿಯೋದಲ್ಲಿ ಆ ಸಂಗೀತ ಕೇಳಿದ ಮಣಿರತ್ನಂ 1992ರ 'ರೋಜಾ' ಕೊಟ್ಟರು. ಮಣಿರತ್ನಂ ಅವರ ಮೊದಲ ಚಿತ್ರ ಕನ್ನಡದ 'ಪಲ್ಲವಿ ಅನುಪಲ್ಲವಿ', ಅದಕ್ಕೆ ಸಂಗೀತ ಇಳಯರಾಜ ಅವರದು.

ಆದ್ದರಿಂದ ನಮ್ಮ ಹುಡುಗರಿಗೆ ಹೇಳುವುದಿಷ್ಟು. ಕಳಿಸುವ ಮೊದಲು ಆ ನಿರ್ದೇಶಕರ ಎರಡು ಚಿತ್ರ ನೋಡಿ. ಅತ್ಯುತ್ತಮವಾದದ್ದನ್ನು ಮೊದಲೇ ಇಡಿ, ಕೊನೆಗೆ ಉಳಿಸಿಕೊಂಡರೆ ಅಲ್ಲಿಯವರೆಗೆ ಯಾರೂ ಕೇಳುವುದಿಲ್ಲ. ಒಂದು ಕರುಣೆಯದಾದರೆ ಇನ್ನೊಂದು ಓಟದ್ದಿರಲಿ, ಮಾದಪ್ಪನ ಪದದ ಧಾಟಿ ನಿಮಗೆ ಬರುತ್ತದಾದರೆ ಅದೂ ಇರಲಿ. ಗೆಳೆಯ ಕೊಳಲು ನುಡಿಸಿದ್ದರೆ ಅವನ ಹೆಸರು ಹಾಕಿ, ಇನ್ನೊಬ್ಬರ ರಾಗಕ್ಕೆ ನೀವು ವಾದ್ಯ ಜೋಡಿಸಿದ್ದರೆ ಅಷ್ಟನ್ನೇ ಬರೆಯಿರಿ. ಫೋನ್ ನಂಬರನ್ನು ಪತ್ರದಲ್ಲೂ ರೀಲಿನ ಜೊತೆಗೂ ಎರಡು ಕಡೆ ಬರೆಯಿರಿ. ದಿಂಬಂ ಘಾಟಿಯ ತಿರುವುಗಳಲ್ಲಿ ಸಿಗ್ನಲ್ ಸಿಗದು, ಮನೆಯವರ ನಂಬರೂ ಒಂದಿರಲಿ.