ಯಾವ ವಿಜಯಪುರ? ಯಾವ ಬಿಜಾಪುರ?

ನಮ್ಮೂರು ಬಬಲೇಶ್ವರ. ತೊಂದರೆ ಇರೋದು ಅದರ ಕೆಳಗೆ ಬರೆಯುವ ಜಿಲ್ಲೆಯ ಹೆಸರಿನಲ್ಲಿ. ಒಮ್ಮೆ ನನ್ನ ಅಂಕಪಟ್ಟಿ ಕೊರಿಯರ್‌ನಲ್ಲಿ ಬರಬೇಕಿತ್ತು. ಕೆಲಸದ ಅರ್ಜಿಗೆ ಮರುದಿನವೇ ಕೊನೆಯ ದಿನ. "ಸರ್, ವಿಜಯಪುರ ಬಸ್ ಸ್ಟ್ಯಾಂಡ್ ಹತ್ರ ಇದೀನಿ, ಬನ್ನಿ" ಅಂತ ಫೋನ್ ಬಂತು. ಟಿಕೋಟಾದಲ್ಲಿದ್ದವನು ಬಸ್ ಹಿಡಿದು ಹೋದೆ. ಅರ್ಧ ತಾಸು ಹುಡುಕಿದ ಮೇಲೆ ಇಬ್ಬರಿಗೂ ಗೊತ್ತಾಯಿತು: ಅವರಿದ್ದದ್ದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ. ನಡುವೆ ಐನೂರು ಕಿಲೋಮೀಟರ್! ಅರ್ಜಿ ಹಾಕೋದು ತಪ್ಪಿತು.

ಯಾವ್ಯಾವುದು ಎಲ್ಲೆಲ್ಲಿದೆ?

- ವಿಜಯಪುರ: ಗೋಳಗುಮ್ಮಟದ ಊರು, ಜಿಲ್ಲಾ ಕೇಂದ್ರ. 2014ರ ತನಕ ಅಧಿಕೃತವಾಗಿ ಬಿಜಾಪುರ.
- ವಿಜಯಪುರ, ದೇವನಹಳ್ಳಿ ತಾಲ್ಲೂಕು: ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಪುರಸಭೆ ಪಟ್ಟಣ.
- ಬಿಜಾಪುರ, ಛತ್ತೀಸ್‌ಗಢ: ಬಸ್ತರ್ ಸೀಮೆಯ ಜಿಲ್ಲೆ. 2007ರಲ್ಲಿ ದಂತೇವಾಡದಿಂದ ಬೇರೆಯಾಯಿತು.
- ವಿಜಯಪುರ, ಜಮ್ಮು: ಸಾಂಬಾ ಜಿಲ್ಲೆಯಲ್ಲಿದೆ. 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಜಮ್ಮು ಏಮ್ಸ್ ಇಲ್ಲಿದೆ.
- ವಿಜಯಪುರ, ಮಧ್ಯಪ್ರದೇಶ: ಶಿಯೋಪುರ ಜಿಲ್ಲೆಯ ವಿಧಾನಸಭಾ ಕ್ಷೇತ್ರ. 2024ರ ನವೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು.

ಗೆದ್ದ ರಾಜರು ಊರಿಗೆ 'ವಿಜಯ' ಅಂತ ಹೆಸರಿಡುವುದು ದೇಶದ ತುಂಬ ಇದ್ದ ರೂಢಿ. ಬಾಯಿಂದ ಬಾಯಿಗೆ 'ವ'ಕಾರ 'ಬ' ಆಗುವುದೂ ಅಷ್ಟೇ ಸಹಜ. ಕಲ್ಯಾಣ ಚಾಲುಕ್ಯರ ಕಾಲದ ವಿಜಯಪುರವೇ ಆದಿಲ್‌ಶಾಹಿಗಳ ಹೊತ್ತಿಗೆ ಬಿಜಾಪುರವಾಗಿತ್ತು.

ಹೆಸರು ಬದಲಾದಾಗ ಆದದ್ದೇನು?

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾಯಿತು. ಹಳೆಯ ಕನ್ನಡ ಹೆಸರು ಮರಳಿ ಬಂದದ್ದು ಸರಿಯೇ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಅಲ್ಲಿಯವರೆಗೆ ರಾಜ್ಯದೊಳಗೆ ಬಿಜಾಪುರ ಬೇರೆ, ವಿಜಯಪುರ ಬೇರೆ ಅಂತ ಎರಡು ಸ್ಪಷ್ಟ ಹೆಸರುಗಳಿದ್ದವು. ಈಗ ಹೊಸ ಹೆಸರು ದೇವನಹಳ್ಳಿ ಕಡೆಯ ಪಟ್ಟಣದ ಜೊತೆ ತಳುಕು ಹಾಕಿಕೊಂಡಿದೆ. ಹಳೆಯದೂ ಹೋಗಿಲ್ಲ, ಅದು ಛತ್ತೀಸ್‌ಗಢದ ಜೊತೆ ಗಂಟುಬಿದ್ದಿದೆ.

ಚುನಾವಣೆಯನ್ನೇ ನೋಡಿ. 2008ರಿಂದ ಜಾರಿಯಾದ ಕ್ಷೇತ್ರ ಮರುವಿಂಗಡಣೆಯಲ್ಲಿ ಟಿಕೋಟಾ ಕ್ಷೇತ್ರ ಹೋಗಿ ಬಬಲೇಶ್ವರ ಕ್ಷೇತ್ರ ಬಂತು. ಅದೇ ಆದೇಶದಲ್ಲಿ ಬರೆದ 'ಬಿಜಾಪುರ ನಗರ' ಮತ್ತು 'ಬಿಜಾಪುರ' ಲೋಕಸಭಾ ಕ್ಷೇತ್ರ 2024ರಲ್ಲೂ ಹಾಗೇ ಇದ್ದವು. ಅಂದರೆ ವಿಜಯಪುರ ಜಿಲ್ಲೆಯವನಾದ ನಾನು ಬಿಜಾಪುರದ ಸಂಸದರಿಗೆ ಮತ ಹಾಕುತ್ತೇನೆ. ಛತ್ತೀಸ್‌ಗಢದಲ್ಲೂ ಬಿಜಾಪುರ ಅನ್ನೋ ವಿಧಾನಸಭಾ ಕ್ಷೇತ್ರವಿದೆ. ಇನ್ನು ನಮ್ಮ ರೈಲು ನಿಲ್ದಾಣದ ಕೋಡ್ ಇವತ್ತಿಗೂ 'ಬಿಜೆಪಿ'. ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ ಬಿಡಿ, ಹಳೆಯ ಹೆಸರಿನ ಇಂಗ್ಲಿಷ್ ಅಕ್ಷರಗಳು ಅಷ್ಟೇ.

'ನಮ್ಮದಲ್ಲ' ಅನ್ನೋ ಸಮಾಧಾನ

2021ರ ಏಪ್ರಿಲ್ 3ರಂದು ಛತ್ತೀಸ್‌ಗಢದ ಸುಕ್ಮಾ–ಬಿಜಾಪುರ ಗಡಿಯಲ್ಲಿ ಮಾವೋವಾದಿಗಳ ದಾಳಿಗೆ 22 ಮಂದಿ ಭದ್ರತಾ ಸಿಬ್ಬಂದಿ ಬಲಿಯಾದರು. ಟಿವಿಯಲ್ಲಿ 'ಬಿಜಾಪುರ' ಅಂತ ನೋಡಿ ಪುಣೆಯಿಂದ ಮಾವ ಫೋನ್ ಮಾಡಿದರು: "ಎಲ್ಲಾರೂ ಅರಾಮ ಅದೀರಿಲ್ಲ?" "ಅದು ನಮ್ಮ ಬಿಜಾಪುರ ಅಲ್ಲ ಮಾವಾ" ಅಂದೆ. ಅವರಿಗೂ ಸಮಾಧಾನ, ನನಗೂ. ಚಾನೆಲ್ ಬದಲಾಯಿತು.

2025ರ ಜನವರಿಯಲ್ಲಿ ಅದೇ ಬಿಜಾಪುರದ ಪತ್ರಕರ್ತ ಮುಕೇಶ್ ಚಂದ್ರಾಕರ್ ಶವ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ರಸ್ತೆ ಕಾಮಗಾರಿಯ ಅಕ್ರಮವನ್ನು ಅವರು ವರದಿ ಮಾಡಿದ್ದರು. ಆಗ ನನಗೆ ನನ್ನ ಆ ಮಾತು ನೆನಪಾಗಿ ನಾಚಿಕೆಯಾಯಿತು. ಹೆಸರು ಒಂದೇ ಆದದ್ದರಿಂದ ಎರಡು ನಿಮಿಷ ಗಾಬರಿಯಾಗಿ, ನಮ್ಮದಲ್ಲ ಅಂತ ಗೊತ್ತಾದ ಕೂಡಲೇ ಸುದ್ದಿಯನ್ನೇ ಕೈಬಿಟ್ಟಿದ್ದೆ.

ಮಾಡಬಹುದಾದದ್ದು

ಹೆಸರು ಮತ್ತೆ ಬದಲಿಸೋದು ಬೇಡ. ಅರ್ಜಿ ನಮೂನೆಗಳಲ್ಲಿ ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ಮೂರೂ ಕಡ್ಡಾಯವಾಗಲಿ. ಕ್ಷೇತ್ರದ ಹೆಸರೂ ಜಿಲ್ಲೆಯ ಹೆಸರೂ ಒಂದಾಗಲಿ. ಸುದ್ದಿಯವರು ತಲೆಬರಹದಲ್ಲೇ ರಾಜ್ಯದ ಹೆಸರು ಹಾಕಲಿ. ಆಮೇಲೆ, ಅದು ನಮ್ಮೂರಲ್ಲ ಅಂತ ಗೊತ್ತಾದ ಮೇಲೂ ನಾವು ಪೂರ್ತಿ ಓದೋಣ.