ಜಂತಿ ಸಂದ್ಯಾಗಿನ ಭರ್ಚಿ

ಅಕ್ಕಗೋಳ್ರ, ತಂಗೇರ, ಮಾನೌಮಿ ಹತ್ರ ಬಂತು. ಖಂಡೇ ಪೂಜಿಗೆ ಕುಡಗೋಲು, ಕೊಡ್ಲಿ, ಈಳಿಗಿ ಎಲ್ಲಾ ತೊಳದು ಇಡ್ತೀವಿ. ನಮ್ಮ ಕರ್ಜಗಿ ಕಡೆ ಹಳೇ ಮನ್ಯಾಗ ಜಂತಿ ಸಂದ್ಯಾಗಿಂದ ಒಂದು ತುಕ್ಕು ಹಿಡದ ಭರ್ಚಿ ಕೆಳಗ ಇಳದ್ರೂ ಇಳೀಬಹುದು. ಅದನ್ನ ಗುಜರಿಯಂವಗ ತೂಕಕ್ಕ ಹಾಕೂ ಮೊದ್ಲ ಅದು ಏನಂತ ಸ್ವಲ್ಪ ನೋಡ್ರಿ.

ಮೊದ್ಲ ಅಲಗಿನ ಬುಡ ನೋಡಬೇಕು. ನಮ್ಮ ಕಡೆ ಭರ್ಚಿಗೆ ಬುಡದಾಗ ಕಬ್ಬಿಣದ ಕೊಳವಿ ಇರತೈತಿ, ಅದರೊಳಗ ಕಾವು ಸಿಗಸ್ತಿದ್ರು. ದೂರದ ಫಿಲಿಪ್ಪೀನ್ಸ್ ದೇಶದಾಗ ಮೋರೋ ಅನ್ನೋ ಮಂದಿ ಅದಾರ. ಅವರ ಭರ್ಚಿ ಬಹಳಷ್ಟು ಹಂಗಲ್ಲ: ಅಲಗಿನ ಬಾಲಾನ ಕಾವಿನೊಳಗ ಇಳಿಸಿ, ಹೊರಗ ಹಿತ್ತಾಳಿ ಇಲ್ಲಾ ಬೆಳ್ಳಿ ಪಟ್ಟಿ ತೊಡಸತಾರ. ಹಳೇ ಭರ್ಚಿ ಕೂಡಿಸಿ ಇಡೋರು ಇಂಥಾ ಗುರ್ತಿನ ಮ್ಯಾಲೇ ಯಾವ ದೇಶದ್ದು ಅಂತ ಹೇಳೋದು.

ಆಮ್ಯಾಲ ಅಲಗು. ಎಲಿಯಂಗ ಅಗಲಾಗಿ, ನಡುವ ಏಣು ಇದ್ರ ಅದು ತಿವಿಯಾಕ ಮಾಡಿದ್ದು. ಏಣು ಅಲಗನ್ನ ಬಾಗಗೊಡೂದಿಲ್ಲ. ತೆಳ್ಳಗ, ದಬ್ಬಣದಂಗ ಉದ್ದಕ ಇದ್ರ ಅದು ಪುರವಂತರ ಶಸ್ತ್ರ ಇರಬಹುದು. ಅದು ವೀರಭದ್ರನ ಸೇವೆದು, ಯುದ್ಧದ್ದಲ್ಲ. ಹಾವೇರಿ, ಹಾನಗಲ್ಲ ಕಡೆ ಗುಡಿ ಮುಂದ ವೀರಗಲ್ಲು ಅದಾವಲ್ಲ, ಅವುಗಳ ಕೆಳಗಿನ ಸಾಲಿನಾಗ ಕಾಳಗ ಕೆತ್ತಿರ್ತಾರ. ಅಲ್ಲಿ ಭರ್ಚಿ ಹಿಡದಾಂವ ಇದ್ರ ಅಲಗಿನ ಆಕಾರ ಹೋಲಿಸಿ ನೋಡ್ರಿ.

ಇಂಥಾವು ಮನ್ಯಾಗ ಯಾಕ ಕಡಿಮಿ ಅಂದ್ರ, 1857ರಾಗ ಇಂಗ್ಲಿಷರು ಲೈಸೆನ್ಸ್ ಇಲ್ಲದ ಹತಾರ ಇಟ್ಕೋಬಾರದು ಅಂತ ಕಾಯ್ದೆ ತಂದ್ರು. ಮುಧೋಳ ಹತ್ರದ ಹಲಗಲಿ ಬೇಡರು ಕೊಡೂದಿಲ್ಲ ಅಂದ್ರು. ನವೆಂಬರ್ ಕಡೀಕ ಊರಿಗೆ ದಂಡು ನುಗ್ಗಿ ಬೆಂಕಿ ಹಚ್ಚಿತು, ಡಿಸೆಂಬರ್‌ದಾಗ 19 ಮಂದಿಗೆ ಗಲ್ಲಾತು. ಮೋರೋ ಮಂದಿಗೂ ಇದೇ ಪಾಡು: 1911ರಾಗ ಅಮೆರಿಕದ ಜನರಲ್ ಪರ್ಶಿಂಗ್ ಹತಾರ ಒಪ್ಪಸ್ರಿ ಅಂತ ಹುಕುಂ ಹೊಂಡಿಸಿದ, ಅಲ್ಲೂ ಒಲ್ಲೆ ಅಂದೋರ ರಕ್ತ ಹರೀತು. ಒಪ್ಪಿಸಿದ್ದು ಹೋತು. ಮುಚ್ಚಿಟ್ಟದ್ದು, ದೇವರ ಜಗಲಿ ಮ್ಯಾಲ ಇದ್ದದ್ದು ಅಷ್ಟು ಉಳದಿರಬೇಕು.

ಅದಕ್ಕ ಉಸುಕು ಹಚ್ಚಿ ತಿಕ್ಕಬ್ಯಾಡ್ರಿ, ಅಲಗಿನ ಮ್ಯಾಲಿನ ಗೆರಿ, ಅಕ್ಷರ ಅಳಿಸಿ ಹೋಗತಾವ. ಹುಣಸಿಹಣ್ಣು ಹಿತ್ತಾಳಿಗಿರಲಿ. ಕಬ್ಬಿಣಾನ ಒಣಾ ಅರಿವಿಲೆ ಒರಸಿ, ತೆಳ್ಳಗ ಎಣ್ಣಿ ಸವರಿದ್ರ ಸಾಕು. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆ ಪ್ರಕಾರ ಪ್ರಾಚೀನ ವಸ್ತು; ಅದರ ವ್ಯಾಪಾರಕ್ಕ ಲೈಸೆನ್ಸ್ ಬೇಕು, ಪರದೇಶಕ್ಕ ಮಾರೂ ಹಂಗಿಲ್ಲ. ಗೊತ್ತಾಗಲಿಲ್ಲಂದ್ರ ನಮ್ಮ ಜಿಲ್ಲಾದಾಗ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಐತಿ, ಅಲ್ಲಿ ಕೇಳ್ರಿ.

ಇನ್ನೊಂದು ಕೆಲಸ ನಮ್ಮದು. ಭರ್ಚಿ ಯಾರ ಕೈಯಾಗಿತ್ತು, ಯಾವ ಊರಿಂದ ಬಂತು ಅನ್ನೋದು ಅಲಗು ನೋಡಿದ್ರ ತಿಳಿಯೂದಿಲ್ಲ. ಮನ್ಯಾಗ ಅತ್ತಿ, ಆಯಿ ಇದ್ರ ಈ ಹಬ್ಬದಾಗ ಕೇಳಿ, ಒಂದು ಚೀಟ್ಯಾಗ ಬರದು ಕಾವಿಗೆ ಕಟ್ಟಿ ಇಡ್ರಿ.